11 ತಿಂಗಳ ಅಗ್ರಿಮೆಂಟು, 40 ವರ್ಷದ ಭಯ

ಹೋದ ವರ್ಷ ಮನೆ ಖಾಲಿ ಮಾಡಿದೆ. ಎರಡು ವರ್ಷ ಇದ್ದ ಮನೆ. ತಿಂಗಳಿಗೆ 20,000 ಬಾಡಿಗೆ, 2 ಲಕ್ಷ ಅಡ್ವಾನ್ಸು. ಬೀಗದ ಕೈ ಕೊಡೋಕೆ ಹೋದಾಗ ಓನರ್ ಒಂದು ಚೀಟಿ ಕೈಗಿಟ್ಟರು. ಪೇಂಟಿಂಗ್ 20,000. ಕ್ಲೀನಿಂಗ್ 4,000. ಇತರೆ 6,000. ಉಳಿದ 1,70,000 ಅಕೌಂಟಿಗೆ ಹಾಕ್ತೀನಿ ಅಂದರು.

"ಗೋಡೆ ಚೆನ್ನಾಗೇ ಇದೆಯಲ್ಲ ಅಂಕಲ್, ಪೇಂಟಿಂಗ್ ಯಾಕೆ?"

"ಎಲ್ಲರ ಹತ್ರಾನೂ ಹಿಡ್ಕೋತೀವಮ್ಮ. ಅಗ್ರಿಮೆಂಟಲ್ಲೇ ಇದೆ, ನೋಡಿ."

"ಇತರೆ ಅಂದ್ರೆ?"

"ಇತರೆ ಅಂದ್ರೆ ಇತರೆ."

ನನ್ನ ಆಫೀಸು ಊರಿನ ಆ ತುದಿ, ಅಪ್ಪನ ಮನೆ ಈ ತುದಿ. ಅದಕ್ಕೇ ಸ್ವಂತ ಊರಲ್ಲೇ ಬಾಡಿಗೆ ಮನೆ. ಹೊಸ ಮನೆ ಸಿಗೋವರೆಗೆ ಎರಡು ವಾರ ವಿಜಯನಗರದಲ್ಲಿ ಅಪ್ಪನ ಜೊತೆ ಇದ್ದೆ. ಮೊದಲ ರಾತ್ರಿಯೇ ಊಟಕ್ಕೆ ಕೂತು ಓನರನ್ನು ಬಾಯಿಗೆ ಬಂದ ಹಾಗೆ ಬೈದೆ. ಅಪ್ಪ ನನ್ನ ಪರ ನಿಲ್ತಾರೆ ಅಂದ್ಕೊಂಡಿದ್ದೆ. ಅವರು ನಕ್ಕರು.

"ಅದು ನಿಮ್ಮಜ್ಜನ ಸಾಲ ಕಣೇ. ಈಗ ನೀನು ತೀರಿಸ್ತಿದ್ದೀಯ."

ಆಮೇಲೆ ಎದ್ದು ಹೋಗಿ ಅಟ್ಟದಿಂದ ಒಂದು ಫೈಲು ಇಳಿಸಿದರು. ದಾರ ಕಟ್ಟಿದ, ಅಂಚೆಲ್ಲ ಪುಡಿಯಾಗುತ್ತಿದ್ದ ಫೈಲು. ಮೇಲೆ ಅಜ್ಜನ ಅಕ್ಷರದಲ್ಲಿ "ಮನೆ ಕೇಸು" ಅಂತ ಬರೆದಿತ್ತು. ಅದನ್ನು ಓದಿ ಅರ್ಥ ಮಾಡಿಕೊಳ್ಳೋಕೆ ನನಗೆ ಎರಡು ವಾರ ಬೇಕಾಯಿತು. ಯಾಕೆಂದರೆ ಆ ಕೇಸು ಅರ್ಥವಾಗಬೇಕಾದರೆ ಬಾಡಿಗೆ ಕಾನೂನು ಎಲ್ಲಿಂದ ಬಂತು ಅಂತ ಗೊತ್ತಾಗಬೇಕಿತ್ತು. ಹುಡುಕುತ್ತಾ ಹೋದರೆ ದಾರಿ ಚಾಮರಾಜಪೇಟೆಯಿಂದ ಸೀದಾ ಸ್ಕಾಟ್ಲೆಂಡಿಗೆ ಹೋಯಿತು.

*

ಬಾಡಿಗೆಗೆ ಸರ್ಕಾರ ಮಿತಿ ಹಾಕಬಹುದು ಅನ್ನುವ ಯೋಚನೆ ನಮ್ಮಲ್ಲಿ ಹುಟ್ಟಿದ್ದಲ್ಲ. ಅದು ಬಂದಿದ್ದು ಯುದ್ಧದಿಂದ.

1915. ಮೊದಲ ಮಹಾಯುದ್ಧ ಶುರುವಾಗಿ ಒಂದು ವರ್ಷ. ಗ್ಲಾಸ್ಗೋ ನಗರದಲ್ಲಿ ಹಡಗು ಕಟ್ಟುವ ಕೆಲಸ, ಮದ್ದುಗುಂಡು ತಯಾರಿಸುವ ಕೆಲಸ ಹಗಲೂ ರಾತ್ರಿ ನಡೆಯುತ್ತಿತ್ತು. ಕೆಲಸ ಹುಡುಕಿಕೊಂಡು ಸಾವಿರಾರು ಜನ ಬಂದರು. ಮನೆಗಳು ಮಾತ್ರ ಇದ್ದಷ್ಟೇ ಇದ್ದವು. ಓನರುಗಳು ಬಾಡಿಗೆ ಏರಿಸಿದರು. ಗಂಡಸರು ಯುದ್ಧಕ್ಕೋ ಕಾರ್ಖಾನೆಗೋ ಹೋಗಿದ್ದರು, ಮನೆಯಲ್ಲಿದ್ದ ಹೆಂಗಸರು ತಿರುಗಿ ಬಿದ್ದರು. ಮೇರಿ ಬಾರ್ಬರ್ ಎಂಬಾಕೆಯ ನಾಯಕತ್ವದಲ್ಲಿ ಏರಿಸಿದ ಬಾಡಿಗೆ ಕೊಡುವುದಿಲ್ಲ ಅಂತ ಹಟ ಹಿಡಿದರು. ಸಾಮಾನು ಎತ್ತಿ ಹೊರಗೆ ಹಾಕಲು ಕೋರ್ಟಿನ ಅಮೀನರು ಬಂದರೆ ಗಂಟೆ ಬಾರಿಸಿ ಇಡೀ ಬೀದಿಯನ್ನು ಸೇರಿಸುತ್ತಿದ್ದರು. ಬಂದವರ ಮೇಲೆ ಹಿಟ್ಟು ಎರಚಿ ಓಡಿಸುತ್ತಿದ್ದರು. ನವೆಂಬರ್ 17ರಂದು ಕೆಲವು ಬಾಡಿಗೆದಾರರನ್ನು ಕೋರ್ಟಿಗೆ ಎಳೆದಾಗ ಸಾವಿರಾರು ಜನ ಹೊರಗೆ ಜಮಾಯಿಸಿದರು. ಕೇಸು ಕೈಬಿಡಬೇಕಾಯಿತು. ಡಿಸೆಂಬರಿನಲ್ಲೇ ಬ್ರಿಟಿಷ್ ಸಂಸತ್ತು ಕಾನೂನು ಮಾಡಿ, ಸಣ್ಣ ಮನೆಗಳ ಬಾಡಿಗೆಯನ್ನು ಯುದ್ಧಕ್ಕೆ ಮುಂಚಿನ ಮಟ್ಟಕ್ಕೆ ಕಟ್ಟಿಹಾಕಿತು.

ಯುದ್ಧ ಮುಗಿಯೋವರೆಗೆ ಅಂತ ತಂದ ತಾತ್ಕಾಲಿಕ ಕಾನೂನು ಅದು. ಬ್ರಿಟನ್ನಿನಲ್ಲಿ ಒಂದಲ್ಲ ಒಂದು ರೂಪದಲ್ಲಿ ಅದು 1980ರ ದಶಕದ ಕೊನೆಯವರೆಗೂ ಬದುಕಿತ್ತು. ಬಾಡಿಗೆ ನಿಯಂತ್ರಣದ ಜಾತಕವೇ ಹಾಗೆ. ಕಷ್ಟ ಕಾಲಕ್ಕೆ ಅಂತ ಬರುತ್ತದೆ, ಕಷ್ಟ ಹೋದ ಮೇಲೂ ಹೋಗುವುದಿಲ್ಲ. ತೆಗೆದರೆ ಬೀದಿಗೆ ಬೀಳುವವರ ಓಟು ಇರುತ್ತದಲ್ಲ.

ಅಲ್ಲಿಂದ ಆ ಯೋಚನೆ ಬಾಂಬೆಗೆ ಬಂತು. ಅಲ್ಲೂ ಯುದ್ಧದ ವ್ಯಾಪಾರ, ಅಲ್ಲೂ ಮನೆಗಳ ಕೊರತೆ. 1918ರಲ್ಲಿ ಬಾಂಬೆ ಸರ್ಕಾರ ಬಾಡಿಗೆ ನಿಯಂತ್ರಣ ಕಾಯ್ದೆ ತಂದಿತು. 1920ರಲ್ಲಿ ಕಲ್ಕತ್ತಾ. ಎರಡನೇ ಮಹಾಯುದ್ಧ ಬಂದಾಗ ಇದು ದೇಶದ ಉದ್ದಗಲಕ್ಕೂ ಹಬ್ಬಿತು.

ಬೆಂಗಳೂರಿನ ಪಾಡೂ ಅದೇ. 1940ರಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಶುರುವಾಯಿತು. ದಂಡಿನಲ್ಲಿ ಸೈನ್ಯ ತುಂಬಿ ತುಳುಕಿತು. ಸ್ವಾತಂತ್ರ್ಯ ಬಂದ ಮೇಲೆ ಐಟಿಐ, ಎಚ್‌ಎಂಟಿ, ಬಿಇಎಲ್ ಒಂದರ ಹಿಂದೊಂದು ಬಂದವು. 1941ರಲ್ಲಿ ಸುಮಾರು 4 ಲಕ್ಷ ಇದ್ದ ಊರಿನ ಜನಸಂಖ್ಯೆ 1951ಕ್ಕೆ ಸುಮಾರು 7.8 ಲಕ್ಷ. ಹತ್ತು ವರ್ಷದಲ್ಲಿ ಊರು ಹತ್ತಿರ ಹತ್ತಿರ ಎರಡರಷ್ಟಾಯಿತು. ಐಟಿ ಬಂದು ಬೆಂಗಳೂರು ಕೆಟ್ಟಿತು ಅನ್ನುವವರು ಈ ಲೆಕ್ಕ ನೋಡಬೇಕು. ಇಲ್ಲಿ ಮನೆ ಹುಡುಕೋ ಕಷ್ಟ ನಮ್ಮ ಕಾಲದ ಆವಿಷ್ಕಾರ ಅಲ್ಲ.

1951ರಲ್ಲಿ ಮೈಸೂರು ರಾಜ್ಯ ತನ್ನದೇ ಬಾಡಿಗೆ ನಿಯಂತ್ರಣ ಕಾಯ್ದೆ ಮಾಡಿತು. 1956ರಲ್ಲಿ ಕನ್ನಡ ನಾಡು ಒಂದಾದಾಗ ತಮಾಷೆ ಶುರುವಾಯಿತು. ಬೆಂಗಳೂರಿಗೆ ಮೈಸೂರಿನ ಕಾನೂನು, ಧಾರವಾಡಕ್ಕೆ ಬಾಂಬೆಯ ಕಾನೂನು, ಕಲಬುರಗಿಗೆ ಹೈದರಾಬಾದಿನದು, ಮಂಗಳೂರಿಗೆ ಮದ್ರಾಸಿನದು. ಒಂದೇ ರಾಜ್ಯದಲ್ಲಿ ಊರಿಗೊಂದು ನ್ಯಾಯ. ಇದನ್ನೆಲ್ಲ ಸೇರಿಸಿ ಒಂದು ಮಾಡಿದ್ದೇ 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾಯ್ದೆ. ರಾಜ್ಯಕ್ಕೆ ಹೊಸ ಹೆಸರು ಬಂದ ಮೇಲೆ ಅದು ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆ ಆಯಿತು. ಅಜ್ಜನ ಫೈಲಿನ ತುಂಬ ಇರುವುದು ಇದೇ ಕಾಯ್ದೆಯ ಕಲಮುಗಳು.

*

ಇವತ್ತು ಆ ಕಾಯ್ದೆ ಓದಿದರೆ ಬೇರೆ ಯಾವುದೋ ದೇಶದ್ದು ಅನ್ನಿಸುತ್ತದೆ.

ಮನೆ ಖಾಲಿಯಾದರೆ ಓನರ್ ಟು-ಲೆಟ್ ಬೋರ್ಡು ಹಾಕುವಂತಿರಲಿಲ್ಲ. ಮೊದಲು ರೆಂಟ್ ಕಂಟ್ರೋಲರ್ ಎಂಬ ಅಧಿಕಾರಿಗೆ ತಿಳಿಸಬೇಕಿತ್ತು. ಆ ಮನೆಯನ್ನು ಯಾರಿಗೆ ಕೊಡಬೇಕು ಅಂತ ಆತ ಹೇಳಬಹುದಿತ್ತು. ನಿಮ್ಮ ಮನೆಗೆ ಯಾರು ಬಾಡಿಗೆಗೆ ಬರಬೇಕು ಅನ್ನುವುದನ್ನು ಸರ್ಕಾರ ತೀರ್ಮಾನಿಸುವುದು! ಬ್ಯಾಚುಲರ್‌ಗಳಿಗೆ ಕೊಡಲ್ಲ, ನಾನ್‌ವೆಜ್ ತಿನ್ನೋರಿಗೆ ಕೊಡಲ್ಲ ಅನ್ನುವ ಇವತ್ತಿನ ಓನರುಗಳಿಗೆ ಇದನ್ನು ಹೇಳಿದರೆ ಎದೆ ಒಡೆದುಕೊಂಡಾರು.

ಬಾಡಿಗೆ ಎಷ್ಟು ಅನ್ನುವುದೂ ಓನರ್ ಇಷ್ಟ ಅಲ್ಲ. "ನ್ಯಾಯವಾದ ಬಾಡಿಗೆ" ಎಷ್ಟು ಅಂತ ನಿಗದಿ ಮಾಡಲು ಕಂಟ್ರೋಲರ್ ಹತ್ತಿರ ಹೋಗಬಹುದಿತ್ತು. ಒಮ್ಮೆ ನಿಗದಿಯಾದರೆ ಏರಿಸುವುದು ಸುಲಭ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡದು 21ನೇ ಕಲಂ. ಬಾಡಿಗೆದಾರನನ್ನು ಬಿಡಿಸಬೇಕಾದರೆ ಕೋರ್ಟಿಗೆ ಹೋಗಬೇಕು, ಮತ್ತು ಆ ಕಲಂ ಪಟ್ಟಿ ಮಾಡಿದ ಕಾರಣಗಳಲ್ಲಿ ಒಂದನ್ನು ಸಾಬೀತು ಮಾಡಬೇಕು. ಬಾಡಿಗೆ ಬಾಕಿ ಉಳಿಸಿಕೊಂಡಿರಬೇಕು, ಇನ್ನೊಬ್ಬರಿಗೆ ಒಳಬಾಡಿಗೆ ಕೊಟ್ಟಿರಬೇಕು, ಮನೆ ಹಾಳು ಮಾಡಿರಬೇಕು, ಬಾಡಿಗೆದಾರನೇ ಬೇರೆ ಮನೆ ಕಟ್ಟಿಸಿಕೊಂಡಿರಬೇಕು, ಅಥವಾ ಓನರಿಗೆ ತನ್ನ ಸ್ವಂತಕ್ಕೆ ಮನೆ ನಿಜವಾಗಿ ಬೇಕಾಗಿರಬೇಕು. ಸ್ವಂತಕ್ಕೆ ಬೇಕು ಅಂತ ಸಾಬೀತಾದರೂ ಮುಗಿಯಲಿಲ್ಲ. ಬಿಡಿಸಿದರೆ ಬಾಡಿಗೆದಾರನಿಗೆ ಆಗುವ ಕಷ್ಟ ಹೆಚ್ಚೋ, ಬಿಡಿಸದಿದ್ದರೆ ಓನರಿಗೆ ಆಗುವ ಕಷ್ಟ ಹೆಚ್ಚೋ ಅಂತ ಕೋರ್ಟು ತೂಗಿ ನೋಡಬೇಕಿತ್ತು. ಬಾಡಿಗೆದಾರನ ಕಷ್ಟವೇ ಹೆಚ್ಚು ಅನ್ನಿಸಿದರೆ ಓನರಿಗೆ ಮನೆ ಸಿಗುತ್ತಿರಲಿಲ್ಲ.

ಅಗ್ರಿಮೆಂಟಿನ ಅವಧಿ ಮುಗಿದರೆ? ಏನೂ ಆಗುತ್ತಿರಲಿಲ್ಲ. ಬಾಡಿಗೆದಾರ ಬಾಡಿಗೆದಾರನಾಗಿಯೇ ಉಳಿಯುತ್ತಿದ್ದ. 1979ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಇದನ್ನು ಇನ್ನಷ್ಟು ಸ್ಪಷ್ಟ ಮಾಡಿತು. ಬಾಡಿಗೆ ನಿಯಂತ್ರಣ ಕಾಯ್ದೆ ಇರುವ ಕಡೆ ನೋಟಿಸು ಕೊಟ್ಟು ಗುತ್ತಿಗೆ ಮುಗಿಸಿದೆ ಅನ್ನುವುದಕ್ಕೆ ಅರ್ಥವೇ ಇಲ್ಲ, ಕೋರ್ಟು ಆ ಕಾಯ್ದೆಯ ಪ್ರಕಾರ ಬಿಡಿಸು ಅನ್ನುವವರೆಗೆ ಅವನು ಬಾಡಿಗೆದಾರನೇ.

ಇದೆಲ್ಲ ಓದುವಾಗ ನನಗೆ ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಎಂಥ ಒಳ್ಳೆ ಕಾನೂನು, ಇದು ಈಗಲೂ ಇದ್ದಿದ್ದರೆ ನನ್ನ ಓನರಿಗೆ ಬುದ್ಧಿ ಕಲಿಸಬಹುದಿತ್ತು ಅಂದ್ಕೊಳ್ಳುತ್ತಾ ಫೈಲಿನ ಪುಟ ತಿರುಗಿಸಿದೆ.

*

ಅಜ್ಜ ಹಾಸನದ ಕಡೆಯಿಂದ ಬಂದು ಕಾರ್ಖಾನೆ ಕೆಲಸ ಹಿಡಿದವರು. 1959ರಲ್ಲಿ ಚಾಮರಾಜಪೇಟೆಯ ಒಂದು ಮನೆಯ ಮುಂಭಾಗ ಬಾಡಿಗೆಗೆ ಹಿಡಿದರು. ಒಂದು ಹಾಲು, ಒಂದು ರೂಮು, ಅಡುಗೆಮನೆ, ಹಿತ್ತಲಲ್ಲಿ ಎಲ್ಲರಿಗೂ ಸೇರಿ ಒಂದು ಬಚ್ಚಲು. ಬಾಡಿಗೆ 40 ರೂಪಾಯಿ. ಹಿಂಭಾಗದ ಎರಡು ಕೋಣೆಯಲ್ಲಿ ಮನೆಯ ಯಜಮಾನಿ ಇದ್ದರು. ಗಂಡ ಬಿಟ್ಟುಹೋದ ಆಸ್ತಿ ಅಂತ ಅವರಿಗಿದ್ದಿದ್ದು ಆ ಮನೆ ಒಂದೇ. ಅಪ್ಪನ ಬಾಯಲ್ಲಿ ಅವರು ಇವತ್ತಿಗೂ "ಓನರಮ್ಮ". ಅಪ್ಪ ಹುಟ್ಟಿದಾಗ ಬಾಣಂತನಕ್ಕೆ ನೀರು ಕಾಯಿಸಿಕೊಟ್ಟವರು ಅವರೇ ಅಂತೆ.

1976ರ ಹೊತ್ತಿಗೆ ಬಾಡಿಗೆ 60 ರೂಪಾಯಿ. ಅಜ್ಜನಿಗೆ ಐದು ಮಕ್ಕಳು. ಓನರಮ್ಮನ ಮಗನಿಗೆ ಮದುವೆಯಾಗಿ ಎರಡು ಮಕ್ಕಳಾಗಿದ್ದವು. ಹಿಂದಿನ ಎರಡು ಕೋಣೆಯಲ್ಲಿ ಐದು ಜನ. ಮುಂಭಾಗ ಬಿಟ್ಟುಕೊಡಿ ಅಂತ ಮೊದಲು ಬಾಯಲ್ಲಿ ಕೇಳಿದರು, ಆಮೇಲೆ ವಕೀಲರ ನೋಟಿಸು, ಆಮೇಲೆ ಕೇಸು. "ಸ್ವಂತ ಉಪಯೋಗಕ್ಕೆ ಬೇಕು."

ತೀರ್ಪು ಟೈಪ್ ಮಾಡಿದ ಆರು ಪುಟ. ಯಜಮಾನಿಯ ಅಗತ್ಯ ನಿಜ ಅಂತ ಕೋರ್ಟು ಒಪ್ಪಿದೆ. ಆದರೆ ಬಾಡಿಗೆದಾರನಿಗೆ ಸಣ್ಣ ಸಂಬಳ, ಐದು ಮಕ್ಕಳು, ಆ ಬಾಡಿಗೆಗೆ ಊರಲ್ಲಿ ಬೇರೆ ಮನೆ ಸಿಗುವುದಿಲ್ಲ. ಆದ್ದರಿಂದ ಬಿಡಿಸಿದರೆ ಅವನ ಕಷ್ಟವೇ ಹೆಚ್ಚು. ಅರ್ಜಿ ವಜಾ. ಅಜ್ಜ ಗೆದ್ದರು. ಆ ಪುಟದ ಅಂಚಲ್ಲಿ ಕೆಂಪು ಶಾಯಿಯಲ್ಲಿ ಒಂದು ಟಿಕ್ಕು ಹಾಕಿದ್ದಾರೆ, ಮಕ್ಕಳ ಮಾರ್ಕ್ಸ್ ಕಾರ್ಡಿಗೆ ಹಾಕುವ ಹಾಗೆ.

"ಆಮೇಲೆ ಅದೇ ಮನೇಲಿ ಇದ್ರಾ? ಗೋಡೆ ಆಚೆ ಕಡೆ ಅವರು, ಈಚೆ ಕಡೆ ನೀವು?" ಅಂತ ಕೇಳಿದೆ.

"ಇದ್ವಿ. ಒಂಬತ್ತು ವರ್ಷ. ಓನರಮ್ಮ ಮಾತು ಬಿಟ್ರು. ನಾನು ಕಾಲೇಜಿಗೆ ಹೋಗೋವಾಗ ಅವರ ಮೊಮ್ಮಗ ಹಿತ್ತಲ ಬಚ್ಚಲ ಪಕ್ಕ ಲೈಟು ಹಾಕ್ಕೊಂಡು ಓದ್ಕೋತಿದ್ದ. ಒಳಗೆ ಜಾಗ ಇರಲಿಲ್ಲ."

ಒಂದು ಹಳೇ ಕಾನೂನನ್ನು ಹೊಗಳುತ್ತಾ ಕೂತಿದ್ದ ನನಗೆ ಆ ಹುಡುಗ ಎಲ್ಲಿಂದಲೋ ಬಂದು ಎದುರಿಗೆ ಕೂತ ಹಾಗಾಯಿತು.

ಆ ಕಾನೂನು ಮಾಡಿದವರ ಕಣ್ಣ ಮುಂದೆ ಇದ್ದಿದ್ದು ಗ್ಲಾಸ್ಗೋ ಬಾಂಬೆಗಳ ದೊಡ್ಡ ಜಮೀನ್ದಾರರು. ಆದರೆ ಚಾಮರಾಜಪೇಟೆ, ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಯ ಅರ್ಧ ಬಾಡಿಗೆಗೆ ಕೊಟ್ಟು ಅದರಲ್ಲಿ ಅಕ್ಕಿ ಬೇಳೆ ತರುತ್ತಿದ್ದ ಓನರುಗಳೂ ಇದ್ದರು. ಕಾನೂನಿಗೆ ಇಬ್ಬರೂ ಒಂದೇ. ಬಡ ಬಾಡಿಗೆದಾರನನ್ನು ಕಾಪಾಡುವ ಖರ್ಚನ್ನು ಸರ್ಕಾರ ತಾನು ಹೊರಲಿಲ್ಲ. ಯಾರ ಮನೆಯಲ್ಲಿ ಅವನಿದ್ದನೋ ಅವರ ತಲೆಗೆ ಕಟ್ಟಿತು.

ಪರಿಣಾಮ ಬೀದಿಯಲ್ಲಿ ಕಾಣುತ್ತಿತ್ತು. 60 ರೂಪಾಯಿ ಬಾಡಿಗೆ ಬರುವ ಮನೆಗೆ ಯಾರು ಹೆಂಚು ಬದಲಾಯಿಸುತ್ತಾರೆ? ಮನೆಗಳು ಸೋರಿದವು. ಬಾಡಿಗೆಗೆ ಕೊಟ್ಟರೆ ಮತ್ತೆ ಕೈಗೆ ಬರುವುದಿಲ್ಲ ಅಂತ ಬೀಗ ಹಾಕಿಟ್ಟವರು ಇದ್ದರು. ಬಾಂಬೆಯಲ್ಲಂತೂ ಬಾಡಿಗೆ 1940ರ ಸೆಪ್ಟೆಂಬರ್ 1ರ ಮಟ್ಟಕ್ಕೇ ಅಂಟಿಕೊಂಡಿತ್ತು. 1997ರ ಡಿಸೆಂಬರಿನಲ್ಲಿ ಮಲ್ಪೆ ವಿಶ್ವನಾಥ ಆಚಾರ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದನ್ನೇ. ಒಂದು ಕಾಲಕ್ಕೆ ನ್ಯಾಯವಾಗಿದ್ದ ಕಾನೂನು ಕಾಲ ಸರಿದಂತೆ ಅನ್ಯಾಯವಾಗಬಹುದು, ಬೆಲೆಗಳೆಲ್ಲ ಏರಿದರೂ ಬಾಡಿಗೆಯನ್ನು ಮಾತ್ರ ಅರ್ಧ ಶತಮಾನ ಹಿಂದಕ್ಕೆ ಕಟ್ಟಿಹಾಕುವುದು ಸರಿಯಲ್ಲ.

*

ಫೈಲಿನ ಕೊನೆಯಲ್ಲಿ ಇನ್ನೊಂದು ಕಾಗದವಿತ್ತು. 1986ರ ರಾಜಿ ಪತ್ರ. ಅಜ್ಜ ಮನೆ ಖಾಲಿ ಮಾಡಲು ಒಪ್ಪಿದ್ದಾರೆ, ಓನರಮ್ಮನ ಮಗ ಅವರಿಗೆ 20,000 ರೂಪಾಯಿ ಕೊಟ್ಟಿದ್ದಾರೆ. ತನ್ನ ಮನೆಯನ್ನು ತಾನು ಪಡೆಯಲು ಓನರ್ ಬಾಡಿಗೆದಾರನಿಗೆ ದುಡ್ಡು ಕೊಡುವುದು. ಆ ಕಾಲದಲ್ಲಿ ಇದು ಅಪರೂಪವಲ್ಲವಂತೆ.

"ಇಷ್ಟು ದುಡ್ಡು ತಗೊಂಡು ಅಜ್ಜ ಎಲ್ಲಿಗೆ ಹೋದರು?"

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಲ್ಲಿಗೇ. ಈ ಮನೆಗೇ. ಇದು 83ರಲ್ಲೇ ಆಗಿತ್ತು, ನಿಮ್ಮಜ್ಜಿ ಹೆಸರಲ್ಲಿ. ಮೂರು ವರ್ಷ ಬೇರೆಯೋರಿಗೆ ಬಾಡಿಗೆಗೆ ಕೊಟ್ಟಿದ್ವಿ."

ಬಾಡಿಗೆದಾರನೇ ಬೇರೆ ಮನೆ ಕಟ್ಟಿಸಿಕೊಂಡರೆ ಬಿಡಬೇಕು ಅನ್ನುವ ಕಾರಣ 21ನೇ ಕಲಮಿನಲ್ಲೇ ಇದೆ ಅಂದೆನಲ್ಲ. ಅಜ್ಜನಿಗೆ ಅದು ಬಾಯಿಪಾಠ ಬರುತ್ತಿತ್ತು. ಅದಕ್ಕೇ ಅಜ್ಜಿಯ ಹೆಸರು. ಓನರಮ್ಮನ 20,000 ಈ ಮನೆಯ ಮೇಲಂತಸ್ತಿನ ಗೋಡೆಗಳಾಯಿತು.

ಇನ್ನೂ ಮಜಾ ಇರುವುದು ಮುಂದೆ. ವಿಜಯನಗರದ ಮನೆ ಬಾಡಿಗೆಗೆ ಕೊಡುವಾಗ ಅಜ್ಜ ಬರೆಸಿದ ಅಗ್ರಿಮೆಂಟೂ ಅದೇ ಫೈಲಿನಲ್ಲಿದೆ. ಸ್ಟಾಂಪ್ ಪೇಪರು. ಅವಧಿ 11 ತಿಂಗಳು. ಅಡ್ವಾನ್ಸು ಹತ್ತು ತಿಂಗಳ ಬಾಡಿಗೆ. ಖಾಲಿ ಮಾಡುವಾಗ "ಸುಣ್ಣ ಬಣ್ಣದ ಬಾಬ್ತು" ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳತಕ್ಕದ್ದು. ಹಸ್ತಾಕ್ಷರ ಬೇರೆ, ಭಾಷೆ ಬೇರೆ. ನನ್ನ ಓನರಿನ ಅಗ್ರಿಮೆಂಟು ಇದರದ್ದೇ ಮೊಮ್ಮಗು.

ಈ 11 ತಿಂಗಳ ಗುಟ್ಟು ಏನು? 1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ, ಅಥವಾ ವರ್ಷದಿಂದ ವರ್ಷಕ್ಕೆ ನಡೆಯುವ ಗುತ್ತಿಗೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. 11 ತಿಂಗಳಿಗೆ ಬರೆದರೆ ಆ ಖರ್ಚೂ ಇಲ್ಲ, ಓಡಾಟವೂ ಇಲ್ಲ. ಅಷ್ಟೇ. ಬಹಳ ಜನ ತಿಳಿದಿರುವ ಹಾಗೆ 11 ತಿಂಗಳು ಅಂತ ಬರೆದ ಮಾತ್ರಕ್ಕೆ ಬಾಡಿಗೆದಾರನ ರಕ್ಷಣೆ ಹೋಗುತ್ತಿರಲಿಲ್ಲ. ಅವಧಿ ಮುಗಿದರೂ ಅವನನ್ನು ಅಲುಗಿಸಲು ಆಗದು ಅನ್ನುವುದಕ್ಕೆ ಅಜ್ಜನಿಗಿಂತ ದೊಡ್ಡ ಸಾಕ್ಷಿ ಬೇಕೆ?

ಮತ್ತೆ ಯಾಕೆ ಬರೆಸಿದರು? ಅಪ್ಪ ಹೇಳಿದ ಉತ್ತರ ನೆನಪಿನಲ್ಲಿ ಉಳಿಯಿತು. "ಬಾಡಿಗೆಯವನು ಏನೇನು ಮಾಡಬಹುದು ಅಂತ ಅವರಿಗೆ ಗೊತ್ತಿತ್ತಲ್ಲ. ತಾನೇ ಮಾಡಿದ್ದರಲ್ಲ. ಕೇಸು ಬಿದ್ದರೆ ವರ್ಷಗಟ್ಟಲೆ ಎಳೆಯುತ್ತೆ, ಬಾಡಿಗೆ ನಿಲ್ಲಿಸಿದರೆ ಹತ್ತು ತಿಂಗಳದ್ದಾದರೂ ಕೈಲಿರಲಿ ಅಂತ."

ಇಡೀ ಊರಿನ ಲೆಕ್ಕ ಇದೇ ಇರಬೇಕು ಅಂತ ನನಗನ್ನಿಸುತ್ತದೆ. ಕಾನೂನು ಬಾಗಿಲು ಮುಚ್ಚಿದಾಗ ರೂಢಿ ಕಿಟಕಿ ತೆರೆಯಿತು. ಬಾಡಿಗೆ ಏರಿಸಲಾಗದವರು ಅಡ್ವಾನ್ಸು ಏರಿಸಿದರು. ಬಿಡಿಸಲಾಗದವರು ಪ್ರತಿ 11 ತಿಂಗಳಿಗೊಮ್ಮೆ "ನೀನು ಇಲ್ಲಿ ತಾತ್ಕಾಲಿಕ" ಅಂತ ಕಾಗದದಲ್ಲಿ ನೆನಪಿಸಿದರು.

*

1961ರ ಕಾಯ್ದೆ ಈಗಿಲ್ಲ. 1999ರಲ್ಲಿ ರೂಪಿಸಿದ ಹೊಸ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. 40 ವರ್ಷದ ಆಟ ಮುಗಿಯಿತು. ಹೊಸ ಕಾಯ್ದೆಯೂ ಬಾಡಿಗೆದಾರನನ್ನು ಕಾಪಾಡುತ್ತದೆ, ಆದರೆ ಎಲ್ಲರನ್ನೂ ಅಲ್ಲ. ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗೆ, ಉಳಿದ ಕಡೆ 2,000 ದಾಟಿದ್ದಕ್ಕೆ ಅದು ಅನ್ವಯಿಸುವುದಿಲ್ಲ ಅಂತ ಅದರಲ್ಲಿ ಬರೆದರು. ಆಗ 3,500 ಅಂದರೆ ಒಳ್ಳೆಯ ಮನೆಯ ಬಾಡಿಗೆ. ಇವತ್ತು ಆ ದುಡ್ಡಿಗೆ ಪಿ.ಜಿ.ಯಲ್ಲಿ ಒಂದು ಮಂಚ ಸಿಗುವುದೂ ಕಷ್ಟ.

ಹಾಗಾದರೆ ನಿಮ್ಮ, ನನ್ನ ಬಾಡಿಗೆ ಮನೆಗೆ ಯಾವ ಕಾನೂನು? 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಹೌದು, ಚಾಮರಾಜಪೇಟೆ ಹುಟ್ಟುವುದಕ್ಕೂ ಹತ್ತು ವರ್ಷ ಹಿಂದಿನದು. ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ ನಮ್ಮನ್ನು ಆಳುತ್ತಿರುವುದು ವಿಕ್ಟೋರಿಯಾ ರಾಣಿಯ ಕಾಲದ ಕಾಯ್ದೆ. ಓದಿದರೆ ಅಷ್ಟೇನೂ ಕೆಟ್ಟದ್ದಲ್ಲ. ಅದರ 108ನೇ ಕಲಂ ಇಬ್ಬರ ಹಕ್ಕು ಬಾಧ್ಯತೆಗಳನ್ನೂ ಪಟ್ಟಿ ಮಾಡುತ್ತದೆ.

ಮೇಲ್ನೋಟಕ್ಕೆ ಕಾಣದ ದೊಡ್ಡ ದೋಷ ಮನೆಯಲ್ಲಿದ್ದು, ಅದು ತನಗೆ ಗೊತ್ತಿದ್ದರೆ ಓನರ್ ಮೊದಲೇ ಹೇಳಬೇಕು. ಬಾಡಿಗೆ ಕೊಟ್ಟು ಕರಾರು ಪಾಲಿಸುವವರೆಗೆ ನಿಮ್ಮ ವಾಸಕ್ಕೆ ಅಡ್ಡಿ ಮಾಡುವಂತಿಲ್ಲ. ನೀರು ನಿಲ್ಲಿಸುವುದು, ಬೀಗ ಬದಲಾಯಿಸುವುದು ಇದರೊಳಗೇ ಬರುತ್ತದೆ. ತಾನು ಮಾಡಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ ಬಾಡಿಗೆದಾರ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು.

ನಮ್ಮ ಕಡೆಯ ಬಾಧ್ಯತೆಗಳೂ ಇವೆ. ಹೊತ್ತಿಗೆ ಸರಿಯಾಗಿ ಬಾಡಿಗೆ ಕೊಡಬೇಕು. ಮನೆಯನ್ನು ವಾಸಕ್ಕೆ ಹಿಡಿದು ಗೋಡೌನ್ ಮಾಡುವಂತಿಲ್ಲ. ಕೇಳದೆ ಹೊಸದಾಗಿ ಏನನ್ನೂ ಶಾಶ್ವತವಾಗಿ ಕಟ್ಟುವಂತಿಲ್ಲ. ಓನರ್ ಸರಿಯಾದ ಹೊತ್ತಿನಲ್ಲಿ ಬಂದು ನೋಡುತ್ತೇನೆ ಅಂದರೆ ಬಿಡಬೇಕು. ಅವಧಿ ಮುಗಿದಾಗ ಮನೆಯನ್ನು ಅವರ ವಶಕ್ಕೆ ಕೊಡಬೇಕು. ಅವಧಿ ಬರೆಯದೇ ಇದ್ದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ, ಯಾರೇ ಮುಗಿಸಬೇಕಾದರೂ ಬರವಣಿಗೆಯಲ್ಲಿ 15 ದಿನದ ನೋಟಿಸು. ನೋಟಿಸು ಮುಗಿದ ಮೇಲೂ ಓನರ್ ತಾನೇ ಕೈ ಹಾಕಿ ಸಾಮಾನು ಹೊರಗೆ ಎಸೆಯುವಂತಿಲ್ಲ, ಕೋರ್ಟಿಗೇ ಹೋಗಬೇಕು. ಹಾಗೆ ಎಸೆದರೆ ಆರು ತಿಂಗಳೊಳಗೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ ದಾವೆ ಹಾಕಿ ಮತ್ತೆ ಒಳಗೆ ಬರಬಹುದು.

ಮನೆಯನ್ನು ಯಾವ ಸ್ಥಿತಿಯಲ್ಲಿ ವಾಪಸ್ ಕೊಡಬೇಕು? ಪಡೆದ ಸ್ಥಿತಿಯಲ್ಲೇ. ಆದರೆ ಬಳಕೆಯಿಂದ ಸಹಜವಾಗಿ ಆಗುವ ಸವೆತವನ್ನು ಬಿಟ್ಟು. ಇಲ್ಲಿಗೆ ಬಂದಾಗ ನಾನು ಕುರ್ಚಿಯಿಂದ ಎದ್ದೆ. ಎರಡು ವರ್ಷದಲ್ಲಿ ಬಣ್ಣ ಮಾಸುವುದು ಸಹಜ ಸವೆತವಲ್ಲದೆ ಇನ್ನೇನು? ನನ್ನ 20,000!

ಆಮೇಲೆ ಆ ಕಲಮಿನ ಮೊದಲ ಸಾಲು ಕಂಡಿತು. ಈ ಹಕ್ಕು ಬಾಧ್ಯತೆಗಳೆಲ್ಲ ಅನ್ವಯಿಸುವುದು ಇದಕ್ಕೆ ವಿರುದ್ಧವಾದ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದರೆ ಮಾತ್ರ. ಕರಾರಿಗೆ ನಾನು ಸಹಿ ಹಾಕಿದ್ದೆ. ಸ್ಥಳೀಯ ರೂಢಿಯನ್ನು ನಮ್ಮಜ್ಜನಂಥವರು ಹುಟ್ಟುಹಾಕಿದ್ದರು. ಕೂತೆ.

ಅಡ್ವಾನ್ಸಿಗೆ ಮಿತಿ ಈ 1882ರ ಕಾಯ್ದೆಯಲ್ಲಿ ಇಲ್ಲ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸು ಬೇಡ ಅನ್ನುತ್ತದೆ. ಯಾವ ರಿಪೇರಿ ಯಾರದ್ದು ಅಂತ ಅದರಲ್ಲಿ ಪಟ್ಟಿಯೇ ಇದೆ. ನಲ್ಲಿ, ಸ್ವಿಚ್ಚು ಬಾಡಿಗೆದಾರನ ಪಾಲು. ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ ಓನರ್ ಪಾಲು. ಅದೇ ಕಾಯ್ದೆ ಓನರಿನ ಹಳೇ ಭಯವನ್ನೂ ಮರೆತಿಲ್ಲ. ಅವಧಿ ಮುಗಿದರೂ ಬಿಡದ ಬಾಡಿಗೆದಾರ ಮೊದಲ ಎರಡು ತಿಂಗಳು ದುಪ್ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ಕಟ್ಟಬೇಕು. ಗ್ಲಾಸ್ಗೋದ ಹೆಂಗಸರೂ ನಮ್ಮ ಓನರಮ್ಮನೂ ಇಬ್ಬರೂ ಒಪ್ಪಬಹುದಾದ ಕಾನೂನು ಅನ್ನಿಸಿತು. ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ತಮ್ಮದಾಗಿ ಮಾಡಿಕೊಂಡರಷ್ಟೇ ಕಾನೂನು.

*

ಓನರಿಗೆ ಒಂದು ಮೇಲ್ ಬರೆದೆ. ಪೇಂಟಿಂಗ್ ಅಗ್ರಿಮೆಂಟಿನಲ್ಲಿದೆ, ಒಪ್ಪಿದೆ. ಕ್ಲೀನಿಂಗೂ "ಇತರೆ"ಯೂ ಅಗ್ರಿಮೆಂಟಿನಲ್ಲಿ ಇಲ್ಲ, ಆ 10,000 ವಾಪಸ್ ಕೊಡಿ, ಇಲ್ಲವಾದರೆ ಬಿಲ್ಲು ಕೊಡಿ. ಹತ್ತು ದಿನ ಬಿಟ್ಟು 10,000 ಬಂತು, ಮಾತಿಲ್ಲದೆ. ಹೊಸ ಮನೆಗೆ ಸೇರುವಾಗ ಅಗ್ರಿಮೆಂಟನ್ನು ಮೊದಲ ಸಲ ಪೂರ್ತಿ ಓದಿ ಸಹಿ ಹಾಕಿದೆ. ಪೇಂಟಿಂಗ್ ಸಾಲಿನಲ್ಲಿ "ಸಹಜ ಸವೆತ ಬಿಟ್ಟು" ಅಂತ ಸೇರಿಸಿ ಅಂದೆ. ಹೊಸ ಓನರ್ ನನ್ನ ಮುಖ ನೋಡಿದರು, ಆದರೆ ಸೇರಿಸಿದರು. ಮೊದಲ ದಿನವೇ ಪ್ರತಿ ಗೋಡೆಯ ಫೋಟೋ ತೆಗೆದು ಅವರಿಗೇ ಕಳಿಸಿದೆ.

ಆದರೆ ನಿಜವಾದ ಮಾತುಕತೆ ಬಾಕಿ ಇತ್ತು.

ವಿಜಯನಗರದ ಮೇಲಂತಸ್ತಿನಲ್ಲಿ, ಆ 20,000ದ ಗೋಡೆಗಳ ನಡುವೆ, ಮೂರು ವರ್ಷದಿಂದ ಒಂದು ಜೋಡಿ ಬಾಡಿಗೆಗಿದ್ದರು. ನಾನು ಹೊರಡುವ ವಾರವೇ ಅವರೂ ಖಾಲಿ ಮಾಡುತ್ತಿದ್ದರು. ಅಪ್ಪ ಲೆಕ್ಕದ ಪುಸ್ತಕ ತೆರೆದು ಕೂತಿದ್ದರು. ನಾನು ಇಣುಕಿದೆ. ಅಜ್ಜನ ಪದವೇ: ಸುಣ್ಣ ಬಣ್ಣದ ಬಾಬ್ತು, 14,000.

"ಅಪ್ಪಾ."

"ಅಗ್ರಿಮೆಂಟಲ್ಲಿ ಇದೆಯಲ್ಲಮ್ಮ," ಅಂದರು ತಲೆ ಎತ್ತದೆ. ನನ್ನ ಓನರ್ ಹೇಳಿದ್ದೂ ಇದೇ ಮಾತು. ಅವರಿಗೂ ಅದು ನೆನಪಾಯಿತು ಅಂತ ಕಾಣುತ್ತದೆ, ಪೆನ್ನು ಕೆಳಗಿಟ್ಟರು. ಎದ್ದು ಮೆಟ್ಟಿಲು ಹತ್ತಿ ಮೇಲೆ ಹೋದರು. ಹತ್ತು ನಿಮಿಷ ಬಿಟ್ಟು ಬಂದರು.

"ಮೊಳೆ ಹೊಡೆದ ತೂತು ನಾಲ್ಕಿದೆ."

"ನಾಲ್ಕು ತೂತಿಗೆ ಎಷ್ಟಪ್ಪ ಆಗುತ್ತೆ?"

ಅವರು ಉತ್ತರ ಕೊಡಲಿಲ್ಲ. ಮಾರನೇ ದಿನ ಬೆಳಗ್ಗೆ ಫೋನು ನನ್ನ ಕೈಗೆ ಕೊಟ್ಟು, ಇದರಲ್ಲಿ ದುಡ್ಡು ಕಳಿಸೋದು ಹೇಗೆ ತೋರಿಸು ಅಂದರು. ಕೊನೆಯ ತಿಂಗಳ ಕರೆಂಟ್ ಬಿಲ್ಲು 640 ರೂಪಾಯಿ ಹಿಡಿದುಕೊಂಡು ಪೂರ್ತಿ ಅಡ್ವಾನ್ಸು ಕಳಿಸಿದೆವು. ಆಮೇಲೆ ಫೈಲಿಗೆ ದಾರ ಕಟ್ಟಿ ಅಟ್ಟಕ್ಕೆ ಹಾಕುವ ಮುನ್ನ ಅಪ್ಪ ಕೇಳಿದರು, "ಆ ಓನರಮ್ಮನ ಮೊಮ್ಮಗ ಈಗ ಎಲ್ಲಿದ್ದಾನೋ?"

ನನಗೆ ಗೊತ್ತಿರಲಿಲ್ಲ. ಅವರಿಗೂ.